ಎರಡನೆಯ ಒಂದೂಕಾಲು

ಡ್ಯಾಶ್‌ಬೋರ್ಡಿನಲ್ಲಿ ಒಂದೇ ಒಂದು ಕೆಂಪು ಚೌಕ:
ದೂರಿಗೂ ದುರಸ್ತಿಗೂ ನಡುವಿನ ಅವಧಿ
ಮೈನಸ್ ಇಪ್ಪತ್ತೈದು ನಿಮಿಷ.

ಕರೆ ಬಂದದ್ದು ರಾತ್ರಿ ಒಂದು ನಲವತ್ತಕ್ಕೆ,
ಕೆಲಸ ಮುಗಿದದ್ದು ಒಂದೂಕಾಲಿಗೆ.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ಹೊಲಿದವನ ಹೆಸರು ಕ್ಲಿಫ್ ಥ್ಯಾಕ್ರೆ,
ಬಾಯ್ಲರ್ ಮೆಕ್ಯಾನಿಕ್, ಹಲ್ ಪಟ್ಟಣದ ಪಶ್ಚಿಮ ವಲಯ,
ಇಪ್ಪತ್ತೆರಡು ವರ್ಷದ ಸರ್ವಿಸ್.

ಭಾನುವಾರ ಮಧ್ಯಾಹ್ನವೇ ಮ್ಯಾನೇಜರಮ್ಮ ಬರೆದಿದ್ದಾಳೆ:
ಸುಳ್ಳು ಎಂಟ್ರಿ ಇರಬೇಕು,
ನಾಳೆ ಒಂಬತ್ತಕ್ಕೆ ಅವನನ್ನು ಕರೆಸುತ್ತೇನೆ,
ನೀನು ಲಾಗ್ ತೆಗೆದಿಡು, ಸಾಕು.

ತೆಗೆದಿಡೋಕೆ ಅದೇನು ಉಪ್ಪಿನಕಾಯಿಯೇ?
ಈ ಕ್ಲೌಡಿನ ಬಾಡಿಗೆ ಮನೆಯಲ್ಲಿ
ಡೀಬಗ್ ಲಾಗಿಗೆ ಒಂದು ದಿನದ ಆಯುಷ್ಯ.
ಆಮೇಲೆ ಮಾಲೀಕರೇ ಬಂದು ಗುಡಿಸುತ್ತಾರೆ,
ಬಾಗಿಲು ತಟ್ಟುವುದಿಲ್ಲ.
ಶನಿವಾರ ಯಾರೋ ಆರಿಸಲು ಮರೆತ ಟ್ರೇಸ್
ಬಚ್ಚಲಿನ ದೀಪದ ಹಾಗೆ ಉರಿಯುತ್ತಲೇ ಇತ್ತು,
ಅದಕ್ಕೆ ಇಷ್ಟಾದರೂ ಉಳಿದಿದೆ.

ಹದಿನಾರು ಸಾವಿರ ಸಾಲು.
ಜಿಪುಣ ಸೋದರಮಾವನ ಹಾಗೆ
ಮಾತುಮಾತಿಗೂ ಲೆಕ್ಕ ಒಪ್ಪಿಸುತ್ತದೆ:
ನೂರು ಪ್ರಶ್ನೆಗಳಲ್ಲಿ ಎಂಬತ್ತೇಳು ಖರ್ಚಾಯಿತು,
ಇನ್ನು ಹದಿಮೂರು, ನೋಡಿಕೊಂಡು ಕೇಳು.
ಕೇಳಿದ್ದೆಲ್ಲ ಹೇಳುತ್ತದೆ,
ಕೇಳದಿದ್ದರೆ ಬೇಕಾದ್ದನ್ನೇ ಹೇಳುವುದಿಲ್ಲ.

ಹೊರಗೆ ಕೆನೆಬಣ್ಣದ ಟೆಲಿಫೋನ್ ಡಬ್ಬಿ,
ಒಳಗೆ ಯಾರೂ ಇಲ್ಲ, ದೀಪ ಮಾತ್ರ ಇದೆ.
ಹಂಬರ್ ನದಿಯ ಕಡೆಯಿಂದ ಗಾಳಿ.
ಹಿಟ್ಟು ಕಲಸಿಟ್ಟು ಎದ್ದು ಓವನ್ ಹಚ್ಚಲು ಹೋದೆ.
ಫೋನಿನಲ್ಲಿ ಹತ್ತು. ಓವನ್ನಿನಲ್ಲಿ ಹನ್ನೊಂದು.

ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿ ಬಂದೆ.

ಅಕ್ಟೋಬರಿನ ಕೊನೆಯ ಭಾನುವಾರ
ಎರಡು ಹೊಡೆಯುವ ಹೊತ್ತಿಗೆ ಇಡೀ ದೇಶ
ಮುಳ್ಳನ್ನು ಹಿಂದಕ್ಕೆ ತಳ್ಳಿ ಮತ್ತೆ ಒಂದಾಗಿಸುತ್ತದೆ.
ಅಧಿಕ ಮಾಸ ಕೇಳಿ ಬೆಳೆದವಳು ನಾನು,
ಅಧಿಕ ಗಂಟೆ ಮರೆತೇಹೋಗಿತ್ತು.

ಪರದೆಯ ಮೇಲೆ 'ಸಮಯದ ಪ್ರಕಾರ ಜೋಡಿಸು' ಎಂಬ ಗುಂಡಿ,
ಒತ್ತಿದವಳು ನಾನೇ. ಬಿಡಿಸಿದೆ.
ಸಾಲುಗಳು ಹುಟ್ಟಿದ ಕ್ರಮಕ್ಕೆ ಮರಳಿದವು:

ಒಂದು ನಲವತ್ತು. ಇಡಾ ಬೀಲ್ಬಿ, ವಯಸ್ಸು ಎಂಬತ್ತೊಂದು.
ನೀರು ತಣ್ಣಗಿದೆಯಂತೆ. ಈ ಹೊತ್ತಲ್ಲಿ ಕರೆದದ್ದಕ್ಕೆ ಕ್ಷಮೆ ಕೇಳಿದರು.
ಒಂದು ನಲವತ್ತೊಂಬತ್ತು. ಥ್ಯಾಕ್ರೆ ಒಪ್ಪಿದ.
ಒಂದು ಐವತ್ತೆಂಟು. ಗಾಡಿ ಹೊರಟಿತು.
ಒಂದು ನಾಲ್ಕು. ತಲುಪಿತು.
ಒಂದೂಕಾಲು. ಒತ್ತಡ ಇಳಿದಿತ್ತು, ತುಂಬಿಸಿದೆ. ಚಹಾ ಕೊಟ್ಟರು.

ಮೂವತ್ತೈದು ನಿಮಿಷ. ಕೂಡಿಸಿ, ಕಳೆದು, ಮತ್ತೆ ಕೂಡಿಸಿದೆ.
ನಡುರಾತ್ರಿ ಎದ್ದು, ಬೂಟು ಹುಡುಕಿ, ಹೋಗಿ,
ನಲ್ಲಿ ತಿರುಗಿಸಿ ಬಂದವನನ್ನು
ಕಳ್ಳನ ಸಾಲಿನಲ್ಲಿ ನಿಲ್ಲಿಸಿದ್ದೆವು.

ಬುಡ ಅಗೆದರೆ ಸಿಕ್ಕಿದ್ದು ನೋಯೆಲ್.
ಏಳು ವರ್ಷದ ಹಿಂದೆ ಬಿಟ್ಟುಹೋದವನು, ಮುಖ ಕಂಡಿಲ್ಲ.
ಪಾಪ, ಓದುವವರಿಗೆ ಸುಲಭವಾಗಲೆಂದು
ಲೋಕದ ಗಡಿಯಾರ ಕೊಟ್ಟದ್ದನ್ನು
ಹಲ್‌ನ ಗೋಡೆ ಗಡಿಯಾರಕ್ಕೆ ತಿರುಗಿಸಿ ಬರೆದಿದ್ದಾನೆ.
ಎಂಟು ಸಾಲಿನ ಉಪಕಾರ.
ಅಳಿಸುವಾಗ ಯಾಕೋ ಕೈ ತಡೆಯಿತು.
ಅಳಿಸಿದೆ.

ಲಾಗಿನ ಪ್ರತಿ ಇಳಿಸಿಕೊಂಡು ಮ್ಯಾನೇಜರಿಗೆ ಕಳಿಸಿದೆ.
'ಓ' ಎಂದು ಒಂದಕ್ಷರದ ಉತ್ತರ ಬಂತು,
ಆಮೇಲೆ ಒಂದು ಹೆಬ್ಬೆರಳು.
ಕೆಂಪು ಚೌಕ ಹಸಿರಾಯಿತು.
ಥ್ಯಾಕ್ರೆಗೆ ಯಾರೂ ಏನೂ ಹೇಳುವುದಿಲ್ಲ,
ಹೇಳಲು ಏನೂ ನಡೆದಿಲ್ಲ.

ಎರಡು ಗಂಟೆಗೆ ಆ ಹದಿನಾರು ಸಾವಿರ ಸಾಲು
ಸದ್ದಿಲ್ಲದೆ ಹೋಗುತ್ತವೆ,
ಕ್ಷಮೆ, ಗಾಡಿ, ಚಹಾ ಸಮೇತ.

ಓವನ್ನಿನ ಗಡಿಯಾರ ತಿದ್ದಲು ಬರುವುದಿಲ್ಲ ನನಗೆ,
ಯಾವ ಗುಂಡಿಯೋ ಏನೋ.
ಮಾರ್ಚಿನವರೆಗೆ ಹಾಗೇ ಇರಲಿ, ತಾನೇ ಸರಿಹೋಗುತ್ತದೆ.
ಆಗ ಒಂದು ಗಂಟೆ ಪೂರ್ತಿ ಕಾಣೆಯಾಗುತ್ತದಲ್ಲ,
ಆ ರಾತ್ರಿ ಒಂದೂವರೆಗೆ ಯಾರಿಗಾದರೂ ಚಳಿಯಾದರೆ