ಪೊರೆ

ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿದ್ದ ವೋಲ್ಗಾ ಅದು.
ಹನ್ನೊಂದು ವರ್ಷ ಅಕ್ರೋಟು ಮರದ ಕೆಳಗೆ
ನಾಲ್ಕೂ ಟೈರಿನ ಗಾಳಿ ಬಿಟ್ಟು ಕೂತಿತ್ತು.
ತ್ಸಿಯಾಲಾ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದಳು
ಕುತೈಸಿಗೆ, ರಿಯೋನಿ ನದಿಯ ದಂಡೆಗೆ, ನನ್ನ ಶೆಡ್ಡಿಗೆ.
ಇಂಜಿನ್ನು ಬೇರೆಯವರು ನೋಡಿದರು,
ಹಲ್ಲು ಕಟ್ಟಿಸಿದಂತೆ ಹೊಸ ಗ್ರಿಲ್ಲು ಬಂತು,
ಬಾನೆಟ್ಟಿನ ಮೇಲೆ ನೆಗೆಯುವ ಜಿಂಕೆಗೆ
ಮುರಿದ ಕಾಲು ಕೂಡಿತು.
ಬಣ್ಣ ಮಾತ್ರ ಉಳಿಯಿತು.

"ಯಾವ ಬಣ್ಣ?" ಅಂದೆ.
"ಹೆರಿಗೆ ಆಸ್ಪತ್ರೆಯಿಂದ ಅಪ್ಪ ನನ್ನನ್ನು ತಂದಾಗ
ಯಾವುದಿತ್ತೋ ಅದು."
"ನೋಡಿದ ನೆನಪಿದೆಯೆ?"
"ಮೂರು ದಿನದ ಕೂಸು, ಮೇಸ್ತ್ರಿ. ನನಗೇನು ಗೊತ್ತು?"

ಫೋಟೋ ಇದೆ, ಕಪ್ಪು ಬಿಳುಪು.
ಅದರಲ್ಲಿ ಕಾರು ಬೂದಿ, ಆಕಾಶ ಬೂದಿ,
ಅಪ್ಪನ ಕೈಯ ಹೂಗುಚ್ಛವೂ ಬೂದಿ.
ಅಣ್ಣ ಗುರಾಮ್ ಹಸಿರು ಅನ್ನುತ್ತಾನೆ, ಆಣೆಯಿಟ್ಟು,
ಚಟ್ನಿಗೆ ಅರೆಯುವ ಹುಳಿ ಪ್ಲಮ್ಮಿನ ಎಳೆಗಾಯಿಯ ಹಾಗೆ.
ಸಾಯುವ ಮುನ್ನ ತಾಯಿ ಹೇಳಿದ್ದು ನೀಲಿ.
ನೆರೆಮನೆಯ ಪಾದ್ರಿಗೆ ಬಣ್ಣ ನೆನಪಿಲ್ಲ,
ಹಾರ್ನಿನ ಸದ್ದು ಬಾಯಲ್ಲೇ ಮಾಡಿ ತೋರಿಸಿದ.

ಉಜ್ಜುಕಾಗದ ಹಿಡಿದು ಕೂತೆ.
ಮೇಲೆ ಬಿಳಿ. ಗೋಡೆಗೆ ಬಳಿಯುವ ಬ್ರಷ್ಷಿನಲ್ಲೇ ಬಳಿದದ್ದು,
ಅದರ ಕೂದಲು ಇನ್ನೂ ಅಂಟಿದೆ.
ಅದರಡಿ ಕಪ್ಪು, ಅಪ್ಪ ಯಾವನೋ ದೊಡ್ಡ ಅಧಿಕಾರಿಯನ್ನು
ಹೊತ್ತು ತಿರುಗಿದ ಎರಡು ವರ್ಷ.
ಅದರಡಿ ಹಾಲು ಹೆಚ್ಚಾದ ಕಾಫಿಯಂಥದೊಂದು,
ಯಾರ ಕಥೆಯಲ್ಲೂ ಇಲ್ಲದ್ದು.
ಆಮೇಲೆ ಕೆಂಪು ಪ್ರೈಮರು, ಆಮೇಲೆ ಬರೀ ಕಬ್ಬಿಣ.
ಹಾವಿಗಾದರೂ ಪೊರೆ ಬಿಡುವ ರೂಢಿಯಿದೆ.
ಮನುಷ್ಯ ಒಂದರ ಮೇಲೊಂದು ಹಚ್ಚಿಕೊಂಡೇ ಹೋಗುತ್ತಾನೆ,
ತನಗಲ್ಲದಿದ್ದರೆ ಕಾರಿಗೆ.

ಕೊನೆಗೆ ಸಿಕ್ಕಿತು, ಹಿಂಬಾಗಿಲಿನ ರಬ್ಬರಿನ ಸಂದಿಯಲ್ಲಿ,
ಹೆಬ್ಬೆಟ್ಟಿನಗಲ.
"ಹಸಿರು!" ಕೂಗಿದೆ. "ಗುರಾಮನೇ ಗೆದ್ದ!"
ಲೆಕ್ಸೋ ಬಂದ. ಹತ್ತೊಂಬತ್ತರ ಹುಡುಗ,
ಬಾಯಲ್ಲಿ ಸೂರ್ಯಕಾಂತಿ ಬೀಜ.
ಬಗ್ಗಿ ನೋಡಿದ. ಸಿಪ್ಪೆ ಉಗಿದ.
"ನೀಲಿ, ಮೇಸ್ತ್ರಿ."
"ಕಣ್ಣು ನೆಟ್ಟಗಿದೆಯೇನೋ?"
ಅವನು ಮಾತಾಡಲಿಲ್ಲ. ಆಗ ಗೊತ್ತಾಯಿತು
ಎಷ್ಟು ಕಾಲದಿಂದ ಹೀಗೆ
ಬಾಯಿ ಕಟ್ಟಿಕೊಂಡಿದ್ದಾನೆ ಅಂತ.

ಎರಡು ಚಳಿಗಾಲದ ಹಿಂದೆ ಡಾಕ್ಟರಮ್ಮ ಹೇಳಿದ್ದಳು:
ಎರಡೂ ಕಣ್ಣಿಗೆ ಪೊರೆ, ಜೇನುಬಣ್ಣದ್ದು,
ಮೊದಲು ನೀಲಿಯನ್ನೇ ತಿನ್ನುತ್ತದೆ.
ಕಾಮಾಲೆ ಕಣ್ಣಿನ ಗಾದೆ ಹೇಳಿ ನಕ್ಕಿದ್ದೆ.
ದ್ರಾಕ್ಷಿ ಕೊಯ್ಲು ಮುಗಿಯಲಿ ಅಂದಿದ್ದೆ.
ಮುಗಿಯಿತು. ಇನ್ನೊಂದೂ ಮುಗಿಯಿತು.

ರಾತ್ರಿ ಮಲಗಿ ಎಣಿಸಿದೆ ನನ್ನ ನೀಲಿಗಳನ್ನು:
ಬೇಕರಿಯ ಶೋತಾನ ವ್ಯಾನು,
ಹಲ್ಲಿನ ಡಾಕ್ಟರಳ ಝಿಗುಲಿ,
ಮಗಳ ಮದುವೆಗೆಂದು ಯಾರೋ ತಂದಿದ್ದ ಆ ಪೊಬೇದಾ.
ಊರ ತುಂಬ ಓಡಾಡುತ್ತಿವೆ,
ಯಾವ ಬಣ್ಣದಲ್ಲೋ!
ಕೈ ಕುಲುಕಿದರು, ಜಾಡಿಗಟ್ಟಲೆ ವೈನು ಕೊಟ್ಟರು,
ಒಬ್ಬರೂ ಹೇಳಲಿಲ್ಲ.
ನಿಜಕ್ಕೂ ಹಿಡಿಸಿತೋ,
ನನ್ನನ್ನು ಪೊರೆದರೋ.

ಈ ಬೆಳಗ್ಗೆ ಲೆಕ್ಸೋ ಐದು ತಗಡಿಗೆ ಬಳಿದು
ಹೊಳೆಯ ಕಡೆಯ ಬಿಸಿಲಿಗೆ ಒರಗಿಸಿದ.
ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ
ಅಂತ ಅವನಿಗೆ ಕಲಿಸಿದವನು ನಾನೇ.
ತ್ಸಿಯಾಲಾ ಮೂರನೆಯದರ ಮುಂದೆ ನಿಂತಳು.
ಮೋಡ ಬಂತು, ನಿಂತೇ ಇದ್ದಳು, ಮೋಡ ಹೋಯಿತು.
"ಇದು."
"ಇದೇನಾ ಅಪ್ಪನದು?"
"ಯಾರಿಗೆ ಗೊತ್ತು. ಇದರಲ್ಲಿ ಕೂತು ಮನೆಗೆ ಹೋಗಬಹುದು."
ಎಪ್ಪತ್ತು ದಾಟಿದ ಗುರಾಮ್ ತಗಡಿಗೆ ಮೂಗು ತಾಗಿಸಿ
ಹಸಿರೇ, ಅಂದ, ನೆಮ್ಮದಿಯಿಂದ.
ನನಗೂ ಹಾಗೇ ಕಂಡಿತು. ಹೇಳಲಿಲ್ಲ.

ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಹೆಸರು ಬರೆಯುವುದು
ನಮ್ಮ ಶೆಡ್ಡಿನ ಪದ್ಧತಿ.
ಪೆನ್ಸಿಲು ಹಿಡಿದು ಅಷ್ಟು ಹೊತ್ತು ನಿಂತು
ತಾರೀಖು ಬರೆದೆ.

ನಾಳೆ ಗಾಳಿ ಇರದಿದ್ದರೆ ಹೊಡೆಯುವುದು.
ಗನ್ನು ಲೆಕ್ಸೋ ಕೈಗೆ.
ಅವನ ಕಾಲಿಗೆ ತೊಡರದ ಹಾಗೆ ಪೈಪು ಎತ್ತಿ ಹಿಡಿಯಲು
ಒಬ್ಬರು ಬೇಕಲ್ಲ,
ನಾನಿದ್ದೇನೆ.