ಮೂವತ್ತಮೂರೂ ಚಿಲ್ಲರೆ

ನಾದಸ್ವರದ ಷಡ್ಜ ಜಾರುತ್ತಿತ್ತು.
ಊದಿದವನ ತಪ್ಪಲ್ಲ, ಅದು ಮೊದಲ ದಿನವೇ ಗೊತ್ತು;
ಬೆಲ್ಟು ಬಿಚ್ಚಿ ಬೆರಳಿಗೆ ಸಿಕ್ಕಿಸಿದರೆ
ಹಳೇ ಲಂಗದ ಎಲಾಸ್ಟಿಕ್ಕು,
ಎಳೆದಷ್ಟೂ ಬರುತ್ತದೆ, ವಾಪಸು ಹೋಗುವುದಿಲ್ಲ.

ಕುದಿನೀರಲ್ಲಿ ಅದ್ದಿದರೆ ಕುಗ್ಗುತ್ತದೆ ಅಂದರು ಯಾರೋ.
ಅದ್ದಿದೆ. ಹಾಲಿನ ಪಾತ್ರೆ, ಐದು ನಿಮಿಷ.
ಕುಗ್ಗಿತು, ನಿಜ. ಒಂದು ವಾರದ ಮಟ್ಟಿಗೆ.

ಎಸ್.ಪಿ. ರೋಡಿನ ಸಂದಿಯಲ್ಲಿ ಮುನಾವರ್ ಸಾಬರು
ದಾರ ಸುತ್ತಿ ಅಳೆದು, ದಾರವನ್ನು ಕಿವಿಗೆ ಸಿಕ್ಕಿಸಿಕೊಂಡು
"ಯಾವ ಮಿಷನ್ನಮ್ಮ?" ಅಂದರು.
ಹೇಳಿದೆ. ನಕ್ಕು, ಅಟ್ಟದಿಂದ ಮೂರು ಡಬ್ಬ ಇಳಿಸಿದರು.
ಎಂಬತ್ತು ರೂಪಾಯಿ. "ಪೌಡರ್ ಹಾಕಿ ಒರೆಸಿ,
ಕೈಯ ಜಿಡ್ಡು ತಾಗಬಾರದು."

ನಾನು ಹಲ್ಲು ಮಾಡುವವಳು.
ಮತ್ತಿಕೆರೆಯ ಲ್ಯಾಬಿನಲ್ಲಿ ದಿನಕ್ಕೆ ಹದಿನಾಲ್ಕು,
ಯಾರ ಬಾಯಿಗೋ, ಅಚ್ಚು ಮಾತ್ರ ನೋಡಿ.
ಹಾಗಾಗಿ ಮನೆಯಲ್ಲಿ ಮೇಣವಿದೆ,
ನಾಲ್ಕೇ ಕೂದಲಿನ ಬ್ರಷ್ಷಿದೆ,
ಮಿಲಿಗ್ರಾಂ ತೂಗುವ ತಕ್ಕಡಿಯಿದೆ.
ಮುಳ್ಳಿನ ಭಾರ ಎರಡು ಗ್ರಾಂ ಇರಬೇಕು:
ಹೆಚ್ಚುಕಡಿಮೆ ಒಂದು ದವಡೆ ಹಲ್ಲು.

ಪೆಟ್ಟಿಗೆಯ ಹೊಟ್ಟೆ ಟೊಳ್ಳು; ತಟ್ಟಿದರೆ ಬಿಸ್ಕತ್ತಿನ ಡಬ್ಬ.
ಮೇಣ ಕರಗಿಸಿ ಮೂಲೆಮೂಲೆಗೆ ಹುಯ್ದೆ.
ಮೋಟರಿನ ಸ್ಕ್ರೂಗಳಡಿ ಸೈಕಲ್ ಟ್ಯೂಬಿನ ಬಿಲ್ಲೆ,
ನಡುಗೂಟದ ಗುಳಿಗೆ ಹೊಲಿಗೆ ಮಿಷನ್ನಿನ ಎಣ್ಣೆ, ಒಂದೇ ತೊಟ್ಟು.
(ಎರಡು ಬಿತ್ತು. ಒರೆಸಿದೆ.)
ಕೆಳಗೆ ಹಾಸಲು ಕಲ್ಲು,
ಜಾಲಹಳ್ಳಿಯ ಗ್ರಾನೈಟ್ ಅಂಗಡಿಯ ಹಿತ್ತಿಲಲ್ಲಿ ಬಿದ್ದಿದ್ದು,
ಯಾರದೋ ಅಡುಗೆಮನೆಯ ಸಿಂಕಿಗೆಂದು ಕೊರೆದು ತೆಗೆದ ಚೌಕ.
ಆಟೋದವನು ಮೀಟರಿನ ಮೇಲೆ ಮೂವತ್ತು ಕೇಳಿದ,
ಕಲ್ಲಿಗೆ ಬೇರೆ ಟಿಕೆಟ್ಟಂತೆ.
ಕಲ್ಲಿನಡಿಗೆ ಎರಡು ಟೆನಿಸ್ ಚೆಂಡು, ಅರ್ಧರ್ಧ ಕೊಯ್ದು.
ಮೇಲೊಂದು ಗೋಲಿಯಿಟ್ಟೆ, ಕಿಟಕಿಯ ಕಡೆ ಉರುಳಿತು.
ಈ ಮನೆಯೇ ಕಿಟಕಿಯ ಕಡೆ ವಾಲಿದೆ!
ಆರು ವರ್ಷ ಬಾಡಿಗೆ ಕಟ್ಟಿದ ಮೇಲೆ ಗೊತ್ತಾಯಿತು.
ಒಂದು ಚೆಂಡಿನಡಿ ಹಳೇ ಬಸ್ ಪಾಸು, ಎರಡು ಮಡಿಕೆ.

ವೇಗ ನೋಡಲು ಬಾಲ್ಕನಿಯ ಚೋಕಿನ ಟ್ಯೂಬ್‌ಲೈಟೇ ಬೇಕು.
ನೂರ ಎಂಬತ್ತು ಗೆರೆಯ ಕಾಗದದ ಬಿಲ್ಲೆ
ಹಿಂದೆ ಹರಿಯಿತು, ಮುಂದೆ ಹರಿಯಿತು,
ಆಮೇಲೆ ನಿಂತೇಬಿಟ್ಟಿತು.
ತಿರುಗುತ್ತಿರುವುದು ನಿಂತಂತೆ ಕಂಡರೆ
ಸರಿಯಾಗಿದೆ ಅಂತ ಅರ್ಥ.

ಮುಳ್ಳು ಇಳಿಸಿದೆ. ಷಡ್ಜ ಜಾರಲಿಲ್ಲ.
ಆದರೆ ಅದರ ತಳದಲ್ಲಿ, ಹೊಟ್ಟೆ ಹಸಿದ ಹಾಗೆ, ಗುರ್‌ಗುರ್.
ಮತ್ತೆ ಬಿಚ್ಚಿದೆ. ಮತ್ತೆ ಮೇಣ. ಮೂರು ಭಾನುವಾರ ಹೋದವು.
ಕೊನೆಗೆ ಪ್ಲಗ್ಗನ್ನೇ ಕಿತ್ತೆ.
ಗುರ್‌ಗುರ್ ನಿಲ್ಲಲಿಲ್ಲ.

ಮಹಡಿ ಹತ್ತಿದೆ, ಜಗಳಕ್ಕೆಂದೇ.
ತಂಗಮಣಿ ಎರಡೂ ಕೈ ಹಿಟ್ಟಾಗಿಸಿಕೊಂಡು ಬಾಗಿಲನ್ನು ಮೊಣಕೈಯಿಂದ ತೆಗೆದಳು:
ನಾಲ್ಕು ಅಂಗಡಿಗೆ ದಿನಾ ದೋಸೆ ಹಿಟ್ಟು,
ಬರಿಗಾರೆಯ ಮೇಲೆ ಕುಣಿಯುವ ಗ್ರೈಂಡರು.
ಮಗುಚಿ ನೋಡಿದರೆ
ಅದೂ ಬೆಲ್ಟಿನದೇ. ಅದೂ ಸಡಿಲ.
ಬಿಗಿದುಕೊಟ್ಟೆ. ಡಬ್ಬದಲ್ಲಿ ಉಳಿದಿದ್ದ ಮೂರನೇ ಚೆಂಡು ಕೊಯ್ದು
ಒಂದು ಕಾಲಿಗೆ ಅರ್ಧ, ಇನ್ನೊಂದಕ್ಕೆ ಇನ್ನರ್ಧ,
ಮೂರನೆಯದಕ್ಕೆ, ಸಮ ಬರುವಷ್ಟು, ಸುತ್ತಿದ ಟ್ಯೂಬು.
"ಈಗ ಅಕ್ಕಿ ಹಾಡುತ್ತಾ ಅಕ್ಕಾ?" ಅಂದಳು.

ಇಳಿದು ಬಂದು ಕೇಳಿದೆ.
ಮೇಣ, ಕಲ್ಲು, ತಕ್ಕಡಿ, ಯಾವುದೂ ಮಾಡದ್ದನ್ನು
ಮೇಲಿನ ಮನೆಯ ಒಂದು ಚೆಂಡು ಮಾಡಿತ್ತು.
ಊದುವ ಮುಂಚೆ ಆತ ಉಸಿರೆಳೆದುಕೊಳ್ಳುವುದು,
ಡೋಲಿನವನು ಸರಿದು ಕೂರುವುದು,
ಚಾಪೆಯ ಸದ್ದು ಸಹ.

ಆದರೂ ಸುತ್ತಿಗೊಮ್ಮೆ ಒಂದು ತೂಗು ಉಳಿದಿದೆ.
ಅದು ನನ್ನ ಯಂತ್ರದ್ದಲ್ಲ,
ತಟ್ಟೆಯ ತೂತೇ ನಡುವಿನಿಂದ ಎಳ್ಳಷ್ಟು ಆಚೆ,
ಒತ್ತಿದ ದಿನದಿಂದ.
ಲೇಬಲ್ಲಿನ ಮೇಲೆ ನೀಲಿ ಶಾಯಿ: ಚಿ. ಸೌ. ವನಮಾಲಾಗೆ, ೧೯೭೪.
ತೂತನ್ನು ಕೊಂಚ ಉಜ್ಜಿದರೆ ನಡುವಿಗೆ ಬರುತ್ತದೆ,
ಹಲ್ಲು ತೇಯುವ ದುಂಡರ ಇದೆ, ಐದು ನಿಮಿಷದ ಕೆಲಸ.

ಅರ ತಂದೆ. ಬೆಳಕಿಗೆ ಹಿಡಿದು ನೋಡಿದೆ.
ವನಮಾಲಾ ಹೀಗೇ ಕೇಳಿದ್ದಿರಬೇಕು, ತೂಗುತ್ತ.
ಅಷ್ಟರಲ್ಲಿ ಬಾಗಿಲು ಬಡಿದಳು ತಂಗಮಣಿ,
ಸ್ಟೀಲು ಡಬ್ಬದ ತುಂಬ ಹಿಟ್ಟು,
ಉಬ್ಬಿ ಆಗಲೇ ಮುಚ್ಚಳ ಎತ್ತುತ್ತಿತ್ತು.