ಕೆಂಪು ಚೀಲ

ಹುಬ್ಬಳ್ಳಿ ರೈಲ್ವೆ ಆಸ್ಪತ್ರಿ ಚಾದರ
ಮೂವತ್ತು ವರ್ಷ ಒಗದಾಕಿ ನಮ್ಮ ಆಯಿ, ತಿಪ್ಪವ್ವ.
ಗಂಟು ಬಿಚ್ಚಿದ ಕೂಡ್ಲೆ ಅಂತಿದ್ಲು:
ಇದು ಹೆರಿಗಿ. ಇದು ಕೆಮ್ಮು. ಇದು ಇನ್ನ ಎರಡು ದಿನ.
ಮನಿಯೊಳಗ ಅಷ್ಟ. ಓಣ್ಯಾಗ ಯಾರರ ಕೇಳಿದ್ರ
'ಅರಿವಿಗೆ ಬಾಯಿಲ್ಲ ಯವ್ವಾ' ಅಂತ
ಸೆರಗು ಕೊಡವಿ ಎದ್ದು ಹೋಗತಿದ್ಲು.

ನಾ ಒಗದದ್ದು ಭೂಮಿ ತುದ್ಯಾಗ.
ಹಿಮದ ಗುಡ್ಡ ತೋರಸಾಕ ಹೋಗೂ ಹಡಗು,
ಮ್ಯಾಲ ನೂರಾ ತೊಂಬತ್ತು ಮಂದಿ, ಕೊಳ್ಳಾಗ ದುರ್ಬೀನು,
ನೀರಿನ ಮಟ್ಟಕ್ಕಿಂತ ಕೆಳಗ, ಕಿಟಕಿ ಇಲ್ಲದ ಖೋಲ್ಯಾಗ
ನಾ, ಐದು ಮಷೀನು, ಒಂದು ಇಸ್ತ್ರಿ ರೋಲರು.
ಪೆಂಗ್ವಿನ್ ನೋಡಿಯೇನೋ ಅಂತ ಎಲ್ಲಾರೂ ಕೇಳತಾರ.
ವಾಸನಿ ಗೊತ್ತೈತಿ.
ಸಾಹೇಬರ ಪ್ಯಾಂಟಿನ ಅಂಚಿಗೆ ಹತ್ತಿ ಬರತಿತ್ತು.

ಹಡಗಿನ ಸುದ್ದಿ ನನಗ ಗಂಟಿನ್ಯಾಗ.
ರಬ್ಬರ್ ದೋಣಿ ಹತ್ತುವಾಗ ಕಾಲು ಜಾರಿದ ಅಜ್ಜ:
ಉಪ್ಪುನೀರು ಕುಡದ ಕೋಟು, ಮೊಣಕಾಲಿಗೆ ರಕ್ತ.
ಮೂರಾಳೆತ್ತರದ ತೆರಿ ಬಡದ ರಾತ್ರಿ
ಮೇಜಿನ ಬಟ್ಟಿ ತುಂಬ ಕೆಂಪು ವೈನು, ಗಾಜಿನ ಚೂರು,
ಒಂದು ಹಲ್ಲು.
ಕಾಗದದಾಗ ಕಟ್ಟಿ ಡಾಕ್ಟರಿಗೆ ಕಳಿಸಿದ್ನಿ.
ಯಾರೂ ನಂದು ಅನ್ನಲಿಲ್ಲಂತ.

ಪೆಟ್ಟು ಬ್ಯಾರೆ, ಬ್ಯಾನಿ ಬ್ಯಾರೆ.
ವಾಂತಿ-ಭೇದಿ ಆದ ಖೋಲಿ ಅರಿವಿ
ಕೆಂಪು ಚೀಲದಾಗ ಬರಬೇಕು. ಬಿಸಿನೀರಾಗ
ಚೀಲ ತಾನ ಕರಗಿ ಹೋಗತೈತಿ, ಕೈ ಹಚ್ಚೂ ಹಂಗಿಲ್ಲ.
ಫೋನಿನ್ಯಾಗ ಹೇಳಿದ್ರ ಆಯಿ ನಂಬಲಿಲ್ಲ.
ಕೈ ಹಚ್ಚದ ಒಗಿಯೂದಂದ್ರ ಏನು, ಅಂದ್ಲು.

ಒಂದು ನಸುಕಿನ್ಯಾಗ
(ಅಲ್ಲಿ ಬೆಳಕ ಆರೂದಿಲ್ಲ, ಗಡಿಯಾರದ ನಸುಕು ಅದು)
ಅಡಿಗಿಮನಿ ಹುಡುಗ ನ್ಯೋಮನ್ ಬಾಗಿಲಾಗ ನಿಂತಿದ್ದ.
ಬಾಲಿಯಾಂವ. ಮೂರನೇದಾಗಿ ಹುಟ್ಟಿದವರಿಗೆಲ್ಲ ಅದ ಹೆಸರಂತ.
ಬಗಲಾಗ ತನ್ನ ಚಾದರ, ಉಂಡಿ ಮಾಡಿ.
ತುಟಿ ಸುಣ್ಣ.
'ಬರಿಬ್ಯಾಡಣ್ಣಾ,' ಅಂದ. ಅಣ್ಣಾ ಅನ್ನೂದು ನಾನ ಕಲಿಸಿದ್ದು.
ಬರದ್ರ ಖೋಲ್ಯಾಗ ಕೂಡಿ ಹಾಕತಾರ,
ಮುಂದಿನ ಬಂದರದಾಗ ಇಳಿಸತಾರ,
ಏಜೆಂಟಗ ಇನ್ನೂ ಎರಡು ತಿಂಗಳ ಪಗಾರ ಕೊಡೂದೈತಿ.

ಆಯಿ ನನ್ನ ಕೈಯಾಗ ಇದ್ಲು.
ಬಿಳಿ ಟಾವೆಲ್ಲಿನ ನಡುವ ಅದನ್ನ ತುರುಕಿ
ಗುಂಡಿ ಒತ್ತಿದ್ನಿ.
ತಾಸಿನ ಮ್ಯಾಲ ಹತ್ತು ನಿಮಿಷ.
ಅಷ್ಟೊತ್ತಿಗೆ ಅಂವ ಮ್ಯಾಲ ಹೋಗಿ
ನೂರಾ ತೊಂಬತ್ತು ಮಂದಿಗೆ ಬ್ರೆಡ್ ಕೊಯ್ದಿದ್ದ.

ಮೂರನೇ ದಿನ ಆರು ಕೆಂಪು ಚೀಲ.
ನಾಕನೇ ದಿನ ಹತ್ತೊಂಬತ್ತು.
ಐದನೇ ದಿನ ಗೋಡಿ ಸ್ಪೀಕರಿನ್ಯಾಗ ಕ್ಯಾಪ್ಟನ್
'ಕೆಲವರಿಗೆ ಹೊಟ್ಟಿ ಸರಿಯಿಲ್ಲ' ಅನ್ನೂವಾಗ
ನನ್ನ ಮುಂದ ನಲವತ್ತೊಂದು.
ಆಮ್ಯಾಲ ನಾಕುನೂರಾ ಏಳರಿಂದ ಒಂದ ಚಾದರ ಬಂತು.
ಗಂಡ ಹೆಂಡತಿ ಖೋಲಿ, ಎರಡು ಬರಬೇಕು.
ಎರಡನೇದು ಮೈಮ್ಯಾಲ ಹೋತು, ಅಂದ ಸ್ಟುವರ್ಡ್.
ಎಲ್ಲಿಗೆ ಅಂತ ಕೇಳಲಿಲ್ಲ.
ಐಸ್‌ಕ್ರೀಮಿನ ಕೋಣಿ ಬಾಜೂಕ ಸಣ್ಣದೊಂದು ಬಾಗಿಲೈತಿ.

ನ್ಯೋಮನ್ನನಿಂದ ಬಂತೋ
ಬಂದರದಾಗ ಹತ್ತಿದವರ ಯಾರ ಕೈಯಿಂದ ಬಂತೋ,
ತನಿಖಿ ಮೇಡಮ್ ನನ್ನೂ ಕೇಳಿದ್ರು.
'ಎಲ್ಲಾ ಕೆಂಪು ಚೀಲದಾಗ ಬಂದಾವ' ಅಂದ್ನಿ.
ಬರಕೊಂಡ್ರು. ಥ್ಯಾಂಕ್ಸ್ ಅಂದ್ರು.

ಈಗ ಗದಗ ರೋಡಿನ್ಯಾಗ ಇಸ್ತ್ರಿ ಅಂಗಡಿ.
ಇವತ್ತ ಎಂಟು ದಿನದ ಮ್ಯಾಲ ನಳ ಬಂದೈತಿ,
ಓಣಿ ತುಂಬ ಕೊಡದ ಸಪ್ಪಳ.
ಎದುರಿನ ಖಾನಾವಳಿ ಹುಡುಗ, ಪಲ್ಯ ಬಡಸಾಂವ,
ಮುಂಜಾನೆ ಒಂದು ಚಾದರ ಕೊಟ್ಟ.
ಉಂಡಿ ಮಾಡಿ.
ಬಿಚ್ಚದನ ಗೊತ್ತಾತು.

ಆಯಿ ಕಟ್ಟಿ ಮ್ಯಾಲ ಕುಂತಾಳ,
ಕಣ್ಣು ಮಂಜಾಗೇತಿ, ಮೂಗು ಆಗಿಲ್ಲ.
ಏನೂ ಅನ್ನಲಿಲ್ಲ.
ಇಸ್ತ್ರಿಪೆಟ್ಟಿಗಿ ನೆಟ್ಟಗ ನಿಲ್ಲಿಸಿ
ಕೊಡಗಳ ನಡುವ ದಾರಿ ಮಾಡಕೊಂಡು
ರಸ್ತಾ ದಾಟಿದ್ನಿ.

ಮಾಲೀಕ ರೊಟ್ಟಿ ಎಣಸಾಕತ್ತಿದ್ದ.
ತಲಿ ಎತ್ತಲಿಲ್ಲ.
'ಊಟಾನೋ, ಪಾರ್ಸಲ್ಲೋ?' ಅಂದ.